ಹುಳ ಮುಟ್ಟಿದೆ

ಹುಳದ ಟೀಚರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಹಿಡಿದು ಕರೆಯುತ್ತಿದ್ದವಳು ಅವಳ ಅಕ್ಕ ಒಬ್ಬಳೇ, ಅದೂ ಸಿಟ್ಟು ನೆತ್ತಿಗೇರಿದಾಗ. ಮಿಕ್ಕವರ ಬಾಯಲ್ಲೆಲ್ಲ ಅವಳು ಹುಳದ ಟೀಚರು. ಮಕ್ಕಳು ಪ್ರೀತಿಯಿಂದ ಹಾಗೆ ಕರೆದರು, ಮಕ್ಕಳ ತಾಯಂದಿರು ಮೂಗು ಮುರಿದು ಹಾಗೆ ಕರೆದರು, ಪಾಠ ಹೇಳುವ ನಿಜವಾದ ಟೀಚರುಗಳು ನಗು ತಡೆದುಕೊಂಡು ಹಾಗೆ ಕರೆದರು. ಅವಳಿಗೆ ಯಾವುದರಿಂದಲೂ ಬೇಸರವಾಗಲಿಲ್ಲ. ಹುಳ ಎನ್ನುವುದು ಬೈಗುಳ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಈ ಶಾಲೆಗೆ ಬರುವ ಮೊದಲು ಅವಳು ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಜಾಡಿ ತೊಳೆಯುವ ಕೆಲಸದಲ್ಲಿದ್ದಳು. ಜಾಡಿಯೊಳಗೆ ಕಣ್ಣುರಿಯುವ ಔಷಧಿಯ ನೀರು, ನೀರಿನೊಳಗೆ ಬಿಳಿಚಿಕೊಂಡ ಕಪ್ಪೆ, ಚೇಳು, ಜರಿ. ಸತ್ತ ಜೀವಗಳ ಮೇಲಿನ ಧೂಳು ಒರೆಸಿ ಒರೆಸಿ ಅವಳಿಗೆ ಎಷ್ಟು ಸಾಕಾಗಿತ್ತೆಂದರೆ, ಕಿಟಕಿಯ ಮೇಲೆ ಒಂದು ಜೀವಂತ ಜೀರುಂಡೆ ಬಂದು ಕೂತರೆ ನೆಂಟರು ಬಂದಷ್ಟು ಸಂತೋಷಪಡುತ್ತಿದ್ದಳು. ಕಾಲೇಜಿನವರು ಆ ವಿಭಾಗವನ್ನೇ ಮುಚ್ಚಿದಾಗ ಅಕ್ಕನೇ ತನ್ನ ಗಿರಾಕಿಯೊಬ್ಬರಿಗೆ ಹೇಳಿ ಈ ಕೆಲಸ ಕೊಡಿಸಿದಳು. ಅಕ್ಕ ಬಟ್ಟೆ ಹೊಲಿಯುವವಳು. ತಂಗಿ ಮದುವೆಯೇ ಬೇಡ ಎಂದವಳು, ಅಕ್ಕನಿಗೆ ಆದ ಮದುವೆ ನಿಲ್ಲಲಿಲ್ಲ. ಇಬ್ಬರೂ ಹೊಲಿಗೆ ಯಂತ್ರದ ಹಿಂದಿನ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ರೇಗುತ್ತ, ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತ ಬಾಳುತ್ತಿದ್ದರು.

ಶಾಲೆಯಲ್ಲಿ ಅವಳಿಗೆ ಹೇಳಿದ್ದು ಮಕ್ಕಳನ್ನು ಕಾಯುವ ಕೆಲಸ. ಕೊನೆಯ ಗಂಟೆ ಹೊಡೆದ ಮೇಲೂ ಮನೆಗೆ ಹೋಗಲಾಗದ ಮಕ್ಕಳು ಒಂದಷ್ಟು ಇದ್ದರು. ಅವರ ಮನೆಯವರು ಕೆಲಸ ಮುಗಿಸಿ ಬರುವುದು ಹೊತ್ತು ಮುಳುಗುವಾಗ. ಅಲ್ಲಿಯವರೆಗೆ ಬಣ್ಣದ ಪೆನ್ಸಿಲ್ಲು ಕೊಟ್ಟು ಕೂರಿಸಿ, ಗಲಾಟೆಯಾಗದಂತೆ ನೋಡಿಕೊಳ್ಳಿ ಎಂದಿದ್ದರು ಹೆಡ್ಮಾಸ್ಟರು. ಮೊದಲ ದಿನವೇ ಒಬ್ಬ ಹುಡುಗ ಗೋಡೆಯ ಮೇಲಿನ ಒಂದು ಹಸಿರು ಹುಳವನ್ನು ಚಪ್ಪಲಿಯಿಂದ ಹೊಡೆದು ಸಾಯಿಸಿದ, ಮಿಕ್ಕವರು ‘ಛೀ’ ಎಂದು ಕುಣಿದರು. ಅವಳು ಪೆನ್ಸಿಲ್ಲುಗಳನ್ನು ಕಟ್ಟಿಟ್ಟು ಮಕ್ಕಳನ್ನು ಶಾಲೆಯ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಶುರುವಾದದ್ದಕ್ಕೆ ಹೆಡ್ಮಾಸ್ಟರು ಆಮೇಲೆ ‘ಸಂಜೆಯ ನಿಸರ್ಗ ಶಾಲೆ’ ಎಂದು ಬೋರ್ಡು ಬರೆಸಿ, ತಮ್ಮದೇ ಯೋಚನೆ ಎಂದು ಬಂದವರಿಗೆಲ್ಲ ತೋರಿಸಿದರು. ದೊಡ್ಡವರು ಹಾಗೇ, ಗಿಡ ಹೂ ಬಿಟ್ಟ ಮೇಲೆ ನೀರು ಹಾಕಿದ್ದು ನಾನೇ ಎನ್ನುತ್ತಾರೆ.

ಹಿತ್ತಲೆಂದರೆ ಏನೂ ಅಲ್ಲ. ಮುರಿದ ಬೆಂಚುಗಳ ರಾಶಿ, ಒಡೆದ ಹೆಂಚು, ತೂತು ಬಿದ್ದ ನೀರಿನ ತೊಟ್ಟಿ, ಸುತ್ತ ಆಳೆತ್ತರದ ಹುಲ್ಲು, ಒಂದು ತಗಡಿನ ಶೆಡ್ಡು. ಆದರೆ ಒಂದು ಹಲಗೆ ಎತ್ತಿದರೆ ಸಾಕು, ಕೆಳಗೆ ಒಂದು ಊರೇ ಇರುತ್ತಿತ್ತು. ಎರೆಹುಳ, ಸಾವಿರಕಾಲು, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಚರಟೆ. ಹಲಗೆಯನ್ನು ಅವಳೇ ಮೊದಲು ಕಬ್ಬಿಣದ ಸಲಾಕೆಯಿಂದ ಎತ್ತಿ ನೋಡಬೇಕು, ಆಮೇಲೆ ಮಕ್ಕಳು. ಬರಿಗೈಯನ್ನು ಸಂದಿಗೆ ಹಾಕಕೂಡದು. ಕಂಬಳಿಹುಳ, ಚೇಳು, ಜರಿ, ಕಣಜ ಮುಟ್ಟಕೂಡದು. ಹಾವು ಕಂಡರೆ ಕಲ್ಲಿನಂತೆ ನಿಂತು ಕೂಗಬೇಕು. ‘ಛೀ’ ಎಂದರೆ ಆ ದಿನ ಹೊರಗೆ ಬಿಡುವುದಿಲ್ಲ. ಉಳಿದಂತೆ ಅವಳ ಪಾಠವೆಲ್ಲ ಮೂರೇ ಮಾತು: ಮುಟ್ಟು, ನೋಡು, ಬಿಡು.

ಆ ಮೊದಲ ಮಾತೇ ಮಕ್ಕಳಿಗೆ ಕಷ್ಟ. ಮನೆಯಲ್ಲಿ ಹುಟ್ಟಿದಾಗಿನಿಂದ ‘ಮುಟ್ಟಬೇಡ’ ಎಂದು ಕೇಳಿಸಿಕೊಂಡೇ ಬೆಳೆದ ಕೈಗಳು ಅವು. ಅದಕ್ಕೇ ಅವಳು ಒಂದು ಪದ್ಧತಿ ಮಾಡಿದ್ದಳು. ಯಾವ ಮಗು ಮೊದಲ ಸಲ ಹುಳ ಮುಟ್ಟಿತೋ ಅದು ಓಡಿ ಬಂದು ಎಲ್ಲರ ಮುಂದೆ ನಿಂತು ಬಾಯ್ತುಂಬ ಹೇಳಬೇಕು, ‘ಟೀಚರ್, ಹುಳ ಮುಟ್ಟಿದೆ!’ ಮುಟ್ದೆ, ಗಿಟ್ದೆ ಎಂದು ಅರ್ಧ ನುಂಗಬಾರದು, ಪುಸ್ತಕದಲ್ಲಿ ಬರೆದಂತೆ ಬಿಡಿಸಿ ಹೇಳಬೇಕು. ಅವಳು, ಎಷ್ಟು ಕಾಲು, ಎಷ್ಟುದ್ದ, ಬೆಚ್ಚಗಿತ್ತೋ ತಣ್ಣಗಿತ್ತೋ ಎಂದು ಕೇಳಿ ಯಾವ ಹುಳ ಎಂದು ಹೆಸರು ಹೇಳುತ್ತಿದ್ದಳು. ‘ಭೇಷ್!’ ಎನ್ನುತ್ತಿದ್ದಳು. ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟುತ್ತಿದ್ದರು. ಆ ಸಂಜೆ ಮುಗಿಯುವವರೆಗೆ ಭೂತಗನ್ನಡಿ ಆ ಮಗುವಿನ ಕೊರಳಲ್ಲಿ.

ಎಲ್ಲರ ಕೊರಳಿಗೂ ಭೂತಗನ್ನಡಿ ಬಿದ್ದಾಗಿತ್ತು, ಒಂದು ಹುಡುಗಿಯದು ಬಿಟ್ಟು. ಅವಳನ್ನು ಎಲ್ಲರೂ ಪಿಸುಪುಟ್ಟಿ ಎನ್ನುತ್ತಿದ್ದರು, ಯಾಕೆಂದರೆ ಅವಳು ಕೂಗಿದರೂ ಅದು ಪಿಸುಮಾತೇ. ಎರಡು ಜಡೆ, ಮೊಣಕಾಲಿಗಿಂತ ಕೆಳಗಿಳಿಯುವ ಲಂಗ, ಬೆಳೆದ ಮೇಲೂ ಆಗಲಿ ಎಂದು ಹೊಲಿಸಿದ್ದು. ಬೆರಳು ಹುಳದ ಹತ್ತಿರದವರೆಗೆ ಹೋಗುತ್ತಿತ್ತು, ನಡುಗುತ್ತಿತ್ತು, ವಾಪಸು ಬರುತ್ತಿತ್ತು. ಮಕ್ಕಳು ನಕ್ಕರೆ ಟೀಚರು ಗದರುತ್ತಿದ್ದಳು. ‘ಅವಳಿಗೆ ಯಾವಾಗ ಬೇಕೋ ಆವಾಗ ಮುಟ್ತಾಳೆ. ನೀವ್ಯಾರು ಕೇಳೋಕೆ?’ ಹಾಗೆಂದವಳಿಗೇ ಒಳಗೊಳಗೆ ಆತುರ. ಈ ಮಗುವಿಗೂ ಒಂದು ಚಪ್ಪಾಳೆ ಸಿಕ್ಕಿಬಿಟ್ಟರೆ ತಾನು ಗೆದ್ದಂತೆ ಎಂದುಕೊಂಡಿದ್ದಳು.

ಪಿಸುಪುಟ್ಟಿಯನ್ನು ಕರೆದೊಯ್ಯಲು ಬರುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಅಪ್ಪ ದೂರದ ದಾರಿಯ ಲಾರಿ ಓಡಿಸುತ್ತ ಮನೆಗೆ ಅಪರೂಪವಾಗಿದ್ದ. ತಾಯಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು, ಅವಳು ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ಅಜ್ಜಿ ಗೇಟಿನ ಬಳಿ ನಿಂತು ಮೊಮ್ಮಗಳ ಕೈ ಹಿಡಿದರೆ ಮೊದಲು ಹೇಳುತ್ತಿದ್ದ ಮಾತೊಂದೇ. ‘ಕಾಲಡಿ ನೋಡ್ಕೊಂಡು ನಡಿಯೇ, ಹುಳಗಿಳ ಇದ್ದಾವು.’

ಒಂದು ಸಂಜೆ ಟೀಚರು ಅದನ್ನು ಕೇಳಿ ನಕ್ಕಿದ್ದಳು. ‘ಇರ್ಲಿ ಬಿಡಿ ಅಜ್ಜಿ, ನಮಗೆ ಬೇಕಾಗಿರೋದೇ ಹುಳ. ಬಂದ್ರೆ ನಮ್ಮ ಶೆಡ್ಡಿಗೆ ಕಳ್ಸಿ.’

ಅಜ್ಜಿ ಎರಡು ಕೈಯಿಂದಲೂ ಕೆನ್ನೆ ಬಡಿದುಕೊಂಡಳು. ‘ಬಿಡ್ತು ಅನ್ನಿ, ಬಿಡ್ತು ಅನ್ನಿ! ನಾನಂದಿದ್ದು ನಿಮ್ಮ ಹುಳ ಅಲ್ಲ. ಉದ್ದಂದು. ಕತ್ತಲಾದ್ಮೇಲೆ ಅದರ ಹೆಸ್ರು ಹಿಡೀಬಾರ್ದು, ಕರೆದಂಗಾಗುತ್ತೆ. ನಮ್ಮನೇಲಿ ಹಗ್ಲೊತ್ತೂ ಹುಳ ಅಂತ್ಲೇ ಅನ್ನೋದು, ಕಚ್ಚಿದ್ರೂ ಮುಟ್ಟಿದೆ ಅಂತ್ಲೇ ಅನ್ನೋದು.’

‘ಗೊತ್ತು ಅಜ್ಜಿ, ನಮ್ಮಜ್ಜೀನೂ ಹಾಗೇ ಅಂತಿದ್ರು. ಬಿಡ್ತು,’ ಎಂದು ಟೀಚರು ಇನ್ನಷ್ಟು ನಕ್ಕಳು. ಪಿಸುಪುಟ್ಟಿ ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು.

ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ, ಗೊತ್ತಿತ್ತು. ಆದರೆ ದಿನಕ್ಕೆ ನೂರು ಸಲ ಒಂದು ಮಾತನ್ನು ಒಂದೇ ಅರ್ಥದಲ್ಲಿ ಆಡುವವರಿಗೆ ಅದರ ಇನ್ನೊಂದು ಅರ್ಥ ಸವೆದುಹೋಗುತ್ತದೆ. ಅಜ್ಜಿ ಗೇಟು ದಾಟುವಷ್ಟರಲ್ಲಿ ಅವಳು ಅದನ್ನು ಮರೆತಿದ್ದಳು.

ಅದಾಗಿ ಕೆಲವು ವಾರಗಳ ಮೇಲೆ ಒಂದು ದಿನ ಮೋಡ ಮುಚ್ಚಿ ಸಂಜೆ ಬೇಗ ಕಪ್ಪಾಗಿತ್ತು. ತೊಟ್ಟಿಯ ಹತ್ತಿರ ಮಕ್ಕಳೆಲ್ಲ ಒಂದು ಜೇಡ ತನ್ನ ಮೊಟ್ಟೆಯ ಚೀಲ ಹೊತ್ತು ನಡೆಯುವುದನ್ನು ನೋಡುತ್ತಿದ್ದರು. ಟೀಚರು ಮಂಡಿಯೂರಿ ಕೂತು ವಿವರಿಸುತ್ತಿದ್ದಳು. ಆಗ ಹಿಂದಿನಿಂದ ಯಾರೋ ಸೆರಗು ಜಗ್ಗಿದಂತಾಯಿತು. ತಿರುಗಿದರೆ ಪಿಸುಪುಟ್ಟಿ. ಬೆಂಚುಗಳ ರಾಶಿಯ ಕಡೆಯಿಂದ ಒಬ್ಬಳೇ ಬಂದಿದ್ದಳು. ಕೈಗೆ ಮಣ್ಣು ಮೆತ್ತಿತ್ತು, ಕಣ್ಣು ದೊಡ್ಡದಾಗಿತ್ತು.

‘ಟೀಚರ್,’ ಎಂದಳು. ‘ಹುಳ ಮುಟ್ಟಿದೆ.’

ಕನ್ನಡದಲ್ಲಿ ಹುಳವನ್ನು ನಾನು ಮುಟ್ಟಿದೆ ಎನ್ನುವುದಕ್ಕೂ ಇವೇ ಎರಡು ಮಾತು, ಹುಳ ನನ್ನನ್ನು ಮುಟ್ಟಿದೆ ಎನ್ನುವುದಕ್ಕೂ ಇವೇ ಎರಡು ಮಾತು. ಕೇಳಿದವರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳಬಹುದು. ಹುಳದ ಟೀಚರು ಎಷ್ಟೋ ಕಾಲದಿಂದ ಈ ಮಗುವಿನ ಬಾಯಲ್ಲಿ ಈ ಮಾತಿಗೇ ಕಾದಿದ್ದಳು. ಕೇಳಿದ್ದೇ ತಡ, ಅವಳ ಮುಖ ಅರಳಿತು.

‘ಏನಂದೆ? ಎಲ್ರಿಗೂ ಕೇಳೋ ಹಾಗೆ ಹೇಳು ನೋಡೋಣ!’

‘ಹುಳ ಮುಟ್ಟಿದೆ,’ ಎಂದಿತು ಮಗು ಮತ್ತೆ, ಇನ್ನೂ ಸಣ್ಣಗೆ.

‘ಎಷ್ಟು ಕಾಲಿತ್ತು?’

‘ಕಾಲಿಲ್ಲ.’

‘ಉದ್ದ ಇತ್ತಾ?’

‘ಹೂಂ, ಉದ್ದ.’

‘ತಣ್ಣಗಿತ್ತಾ?’

ಮಗು ಹೌದೆಂದು ತಲೆಯಾಡಿಸಿತು.

‘ಹಾಗಾದ್ರೆ ಎರೆಹುಳ! ಅದೇನೂ ಮಾಡಲ್ಲ ಪುಟ್ಟಿ, ಅದಕ್ಕೆ ಹಲ್ಲೇ ಇಲ್ಲ. ಹೆದರ್ಕೊಂಡ್ಯಾ? ಭೇಷ್!’ ಎಂದು ಟೀಚರು ಅವಳನ್ನು ಎತ್ತಿ ಹಿಡಿದಳು. ಮಕ್ಕಳು ಜೇಡವನ್ನು ಬಿಟ್ಟು ಓಡಿ ಬಂದು ಚಪ್ಪಾಳೆ ತಟ್ಟಿದರು. ಇಷ್ಟು ತಡವಾಗಿ ಬಂದ ಚಪ್ಪಾಳೆಯಾದ್ದರಿಂದ ಅದು ಎಲ್ಲರದಕ್ಕಿಂತ ಜೋರಾಗಿತ್ತು. ಪಿಸುಪುಟ್ಟಿ ಟೀಚರ ಮುಖ ನೋಡಿದಳು, ಮಕ್ಕಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು. ಭೂತಗನ್ನಡಿ ಅವಳ ಕೊರಳಿಗೆ ಬಿತ್ತು.

ಆಮೇಲಿನ ಹೊತ್ತೆಲ್ಲ ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತೇ ಇದ್ದಳು. ಒಮ್ಮೆ ‘ಮನೆಗೆ ಹೋಗ್ಬೇಕು’ ಎಂದಳು. ಅಜ್ಜಿ ಈಗ ಬರ್ತಾರೆ ಎಂದಳು ಟೀಚರು. ರೆಪ್ಪೆ ಇಳಿಬಿದ್ದದ್ದನ್ನು ಕಂಡು ‘ನಿದ್ದೆ ಬಂತಾ ನಮ್ಮ ರಾಣಿಗೆ?’ ಎಂದು ತಲೆ ಸವರಿದಳು. ಬೆರಳಲ್ಲಿ ಊತವಿಲ್ಲ, ರಕ್ತವಿಲ್ಲ, ಮಣ್ಣಿನಡಿ ಸೂಜಿ ತಾಗಿದಷ್ಟು ಗುರುತು, ಅದನ್ನು ಯಾರು ನೋಡಬೇಕು? ಅಜ್ಜಿ ಬಂದಾಗ ಟೀಚರೇ ಗೇಟಿನವರೆಗೆ ಕೈಹಿಡಿದು ಕರೆತಂದು, ‘ಇವತ್ತು ನಿಮ್ಮ ಮೊಮ್ಮಗಳು ದೊಡ್ಡ ಧೈರ್ಯ ಮಾಡಿದಾಳೆ ಅಜ್ಜಿ, ಮನೆಗೆ ಹೋಗಿ ಕೇಳಿ’ ಎಂದಳು. ಅಜ್ಜಿ ದಾರಿಯಲ್ಲಿ ಕೇಳಿದಳು. ಮಗು ಉತ್ತರ ಕೊಡದೆ ಹೆಗಲಿಗೆ ಒರಗಿತು. ಓಡಾಡಿ ದಣಿದಿದೆ ಎಂದುಕೊಂಡು ಅಜ್ಜಿ ಎತ್ತಿಕೊಂಡೇ ನಡೆದಳು.

ತಾಯಿ ಬಂದು ಊಟಕ್ಕೆ ಎಬ್ಬಿಸಿದಾಗ ಮಗುವಿಗೆ ಕಣ್ಣು ತೆರೆಯಲಾಗಲಿಲ್ಲ, ಕೊಟ್ಟ ನೀರು ಗಂಟಲಿಗಿಳಿಯಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದರು. ಉಸಿರು ದಾರಿಯಲ್ಲೇ ನಿಂತಿತ್ತು.

ಬೆಳಿಗ್ಗೆ ಹೆಡ್ಮಾಸ್ಟರು ಹುಳದ ಟೀಚರನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದರು. ‘ಆಸ್ಪತ್ರೆಯವರು ಹಾವು ಅಂತಿದಾರೆ,’ ಎಂದರು. ‘ಕಚ್ಚಿದ್ರೂ ಗೊತ್ತಾಗದಂಥ ಜಾತಿ ಇರುತ್ತಂತೆ, ನೋವೇ ಇರಲ್ವಂತೆ.’

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು. ಯಾರೂ ವಿವರಿಸಬೇಕಾಗಲಿಲ್ಲ. ಕಾಲಿಲ್ಲ. ಉದ್ದ. ತಣ್ಣಗೆ.

‘ದಾರೀಲೋ ಮನೇಲೋ ಆಗಿರ್ಬೇಕು. ನಮ್ಮಲ್ಲಿ ಆಗಿರೋದಕ್ಕೆ ಸಾಧ್ಯ ಇಲ್ಲ, ಅಲ್ವಾ?’ ಎಂದರು ಹೆಡ್ಮಾಸ್ಟರು. ‘ಮಗು ನಿಮ್ಮ ಹತ್ರ ಏನೂ ಹೇಳ್ಲಿಲ್ಲ, ಅಲ್ವಾ?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೆಡ್ಮಾಸ್ಟರಿಗೆ ಬೇಕಾಗಿದ್ದ ಉತ್ತರ ಅವರ ಪ್ರಶ್ನೆಯೊಳಗೇ ಇತ್ತು. ಅವಳ ತಲೆ ಅಲ್ಲಾಡಿತು. ಅವರು ಅದನ್ನು ಇಲ್ಲವೆಂದು ತಿಳಿದು ನಿಟ್ಟುಸಿರು ಬಿಟ್ಟರು, ಅವಳು ತಿದ್ದಲಿಲ್ಲ. ಬೈಯಬೇಕೆಂದರೆ ಅವಳನ್ನು ಇಲ್ಲಿ ಬೈಯಬೇಕು. ಹಿಂದಿನ ದಿನದ್ದು ಕಿವಿಯ ತಪ್ಪು. ಇದು ಹೆದರಿಕೆ, ಅಪ್ಪಟ ಹೆದರಿಕೆ. ಜೈಲು, ಕಲ್ಲು, ಉಗುಳು, ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂದು ಅವಳ ಬಾಯಿ ಕಟ್ಟಿಹೋಯಿತು.

ಮಕ್ಕಳು? ಮಕ್ಕಳು ಮನೆಯಲ್ಲಿ ಹೇಳಿಯೇ ಹೇಳಿದರು, ಪಿಸುಪುಟ್ಟಿ ಅವತ್ತೇ ಮೊದಲ ಸಲ ಎರೆಹುಳ ಮುಟ್ಟಿದ್ದಳು ಎಂದು. ಕೇಳಿದವರು ಅಯ್ಯೋ ಪಾಪ ಎಂದರು. ಎರೆಹುಳಕ್ಕೂ ಸಾವಿಗೂ ಯಾರೂ ಗಂಟು ಹಾಕಲಿಲ್ಲ. ಹಿತ್ತಲಿನ ಹುಲ್ಲು ಸವರಿದರು, ಬೆಂಚುಗಳ ರಾಶಿ ಸುಟ್ಟರು, ಬೋರ್ಡು ಇಳಿಸಿದರು. ಹುಳದ ಟೀಚರು ಮತ್ತೆ ಮಕ್ಕಳಿಗೆ ಬಣ್ಣದ ಪೆನ್ಸಿಲ್ಲು ಕೊಟ್ಟು ಕೂರಿಸತೊಡಗಿದಳು. ಯಾವ ಮಗು ‘ಟೀಚರ್’ ಎಂದರೂ ಬೆಚ್ಚಿಬಿದ್ದು, ‘ಏನಂದೆ? ಏನಂದೆ?’ ಎಂದು ಎರಡೆರಡು ಸಲ ಕೇಳುತ್ತಿದ್ದಳು. ಮಕ್ಕಳಿಗೆ ಅದು ತಮಾಷೆಯಾಯಿತು. ಬೇಕೆಂದೇ ಕರೆದು ಓಡುತ್ತಿದ್ದರು.

ಹೀಗೇ ಬಾಯಿ ಮುಚ್ಚಿಕೊಂಡು ಅವಳು ಮುದುಕಿಯಾಗುತ್ತಿದ್ದಳೋ ಏನೋ. ಆದರೆ ಒಂದು ರಜೆಯ ದಿನ ಮಗುವಿನ ತಾಯಿ ಅಕ್ಕನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಮೊದಲು ಗುರುತೇ ಸಿಗಲಿಲ್ಲ. ತುಂಬಿದ ಮೈಯ ಹೆಂಗಸು ಕಡ್ಡಿಯಾಗಿದ್ದಳು, ರವಿಕೆ ಹೆಗಲಿಂದ ಜಾರುತ್ತಿತ್ತು. ಕಾರ್ಖಾನೆಯ ಬಿಸ್ಕತ್ತಿನ ಸಿಹಿವಾಸನೆ ಮಾತ್ರ ಅವಳ ಸೀರೆಯಲ್ಲಿ ಹಾಗೇ ಉಳಿದಿತ್ತು. ಕೂರಲು ಹೇಳಿದರೂ ಕೂರಲಿಲ್ಲ.

‘ಟೀಚರ್, ಒಂದು ಮಾತು ಕೇಳ್ಬೇಕಿತ್ತು. ನಿಜ ಹೇಳಿ, ನಾನೇನೂ ತಪ್ಪು ತಿಳ್ಕೊಳ್ಳಲ್ಲ. ನನ್ನ ಮಗಳು ನಿಮ್ಮ ಹತ್ರ ಯಾವತ್ತಾದ್ರೂ ಹೇಳಿದ್ಲಾ, ಅಮ್ಮ ಅಂದ್ರೆ ಭಯ ಅಂತ?’

‘ಇಲ್ಲಮ್ಮ. ಯಾಕೆ ಹಾಗೆ ಕೇಳ್ತೀರಿ?’

‘ಅದರ ಹಿಂದಿನ ವಾರ ಅವಳ ಕತ್ತಿನ ಮೇಲೆ ಕಂಬಳಿಹುಳ ಬಿದ್ದು ಮೈಯೆಲ್ಲ ದದ್ದು ಬಂದಿತ್ತಲ್ಲ, ನಾನು ಕೆಲಸ ಬಿಟ್ಟು ಡಾಕ್ಟರ ಹತ್ರ ಅಲೆದಿದ್ದೆ. ಅದಕ್ಕೆ ಅವತ್ತು ಬೆಳಿಗ್ಗೆ ತಲೆ ಬಾಚ್ತಾ ಬೈದೆ. ಇವತ್ತೇನಾದ್ರೂ ಕಚ್ಚಿಸ್ಕೊಂಡು ಬಂದ್ರೆ ಬಾಗಿಲು ತೆಗೆಯಲ್ಲ ನೋಡು ಅಂದೆ. ಅಂದ್ಬಿಟ್ಟೆ ಟೀಚರ್.’ ಅವಳ ಕಣ್ಣಲ್ಲಿ ನೀರೇ ಇರಲಿಲ್ಲ, ಅದನ್ನೇ ನೋಡಲಾಗುತ್ತಿರಲಿಲ್ಲ. ‘ಅದಕ್ಕೇ ಯಾರಿಗೂ ಹೇಳದೆ ನುಂಗ್ಕೊಂಡ್ಲು ಅಂತಾರೆ ನಮ್ಮತ್ತೆ. ತಾಯಿಗೆ ಹೆದರಿ ಸತ್ತಿತು ಕೂಸು ಅಂತ ಬಂದೋರ ಮುಂದೆಲ್ಲ ಅಂತಾರೆ. ಅವರು ಅನ್ನದಿದ್ರೂ ನನಗೆ ಗೊತ್ತು. ಒಂದು ಮಾತು ಹೇಳಿದ್ರೆ ಸಾಕಿತ್ತು, ಬದುಕ್ತಿದ್ಲು. ನನ್ನಿಂದ ಹೇಳ್ಲಿಲ್ಲ.’

‘ಹಾಗೇನಿಲ್ಲಮ್ಮ,’ ಎಂದಳು ಹುಳದ ಟೀಚರು.

‘ನೀವು ಸಮಾಧಾನಕ್ಕೆ ಹೇಳ್ತೀರಿ,’ ಎಂದು ತಾಯಿ ಮೆಟ್ಟಿಲಿಳಿದು ಹೋದಳು. ಬಿಸಿಲಲ್ಲಿ ಬೀದಿಯ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು.

ಅಂದು ಅಕ್ಕನ ಮುಂದೆ ಎಲ್ಲವೂ ಹೊರಗೆ ಬಂತು. ಅಕ್ಕ ಯಂತ್ರ ನಿಲ್ಲಿಸಿ, ಸೂಜಿಯಡಿಯ ಬಟ್ಟೆ ಹಾಗೇ ಬಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ಎದ್ದು ಹೋಗಿ ಮುಂಬಾಗಿಲು ಹಾಕಿ ಬಂದಳು.

‘ಇನ್ಯಾರಿಗೆ ಹೇಳಿದೀಯ?’

‘ಯಾರಿಗೂ ಇಲ್ಲ.’

‘ಹೇಳ್ಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನೀನು ಬಾಯಿ ಬಿಟ್ರೆ ಆ ಕೂಸು ಎದ್ದು ಬರುತ್ತಾ? ಜನ ನಿನ್ನನ್ನ ಬಿಡ್ತಾರಾ? ಮಗು ಬಂದು ಹಾವು ಕಚ್ತು ಅಂದ್ರೆ ಚಪ್ಪಾಳೆ ತಟ್ಟಿಸಿದ್ಲಂತೆ ಅಂತಾರೆ. ಹಾಗೇ ಅನ್ನೋದು ಜನ.’

‘ಹಾಗೇ ಆಗಿದ್ದಲ್ವಾ ಅಕ್ಕ?’

ಅಕ್ಕ ತಂಗಿಯ ಹೆಸರು ಹಿಡಿದು ಕರೆದಳು, ಈ ಸಲ ಸಿಟ್ಟಿನಿಂದಲ್ಲ. ‘ಆ ಮುದುಕಿ ಏನಾಗ್ತಾಳೆ ಯೋಚನೆ ಮಾಡು. ಹಾವಿಗೆ ಹುಳ ಅನ್ನೋ ಮಾತು ಕಲಿಸಿದ್ದು ಅವಳು. ಒಂದು ಮನೇಲಿ ಒಬ್ರು ನರಳ್ತಿರೋದು ಸಾಲ್ದಾ?’

‘ಆ ತಾಯಿ ಸಾಯ್ತಿದಾಳೆ ಅಕ್ಕ. ನೋಡಿದ್ಯಲ್ಲ ಅವಳನ್ನ. ಅವಳ ಮಗಳು ಹೇಳಿದ್ಲು. ಹೇಳ್ಲಿಲ್ಲ ಅನ್ನೋದನ್ನೇ ತಿಂದ್ಕೊಂಡು ಸಾಯ್ತಿದಾಳೆ.’

ಅಕ್ಕ ಮತ್ತೆ ಯಂತ್ರದ ಮುಂದೆ ಕೂತು, ಸೂಜಿಯಡಿ ಬಿಟ್ಟಿದ್ದ ಬಟ್ಟೆಯನ್ನು ಹೊಲಿಯತೊಡಗಿದಳು.

ಮಾರನೆಯ ಸಂಜೆ ಮಕ್ಕಳನ್ನು ಅವರವರ ಮನೆಯವರಿಗೆ ಒಪ್ಪಿಸಿ ಹುಳದ ಟೀಚರು ಆ ಬೀದಿಗೆ ಹೋದಳು. ಒಂದಕ್ಕೊಂದು ಅಂಟಿದ ಮನೆಗಳು, ಬಾಗಿಲ ಮುಂದೆಯೇ ನಲ್ಲಿ, ನಲ್ಲಿಯ ಸುತ್ತ ಕೊಡ. ಅಜ್ಜಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ತಾಯಿ ಆಗಷ್ಟೇ ಕಾರ್ಖಾನೆಯಿಂದ ಬಂದು ಒಳಗೆ ಒಲೆ ಹಚ್ಚುತ್ತಿದ್ದಳು. ಟೀಚರನ್ನು ಕಂಡು ಅಜ್ಜಿ, ‘ಬನ್ನಿ ತಾಯಿ, ನಿಮ್ಮನ್ನ ಕಂಡ್ರೆ ಪ್ರಾಣ ಬಿಡ್ತಿತ್ತು ನಮ್ಮ ಕೂಸು’ ಎಂದು ಅಳಲು ಶುರುಮಾಡಿದಳು. ಟೀಚರು ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ತಾಯಿಯನ್ನು ಕರೆದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ.

‘ಪುಟ್ಟಿ ಹೇಳಿದ್ಲು,’ ಎಂದಳು. ‘ನಿಮಗೆ ಹೆದರಿ ಸುಮ್ನಿರ್ಲಿಲ್ಲ ಅಮ್ಮ. ನನ್ನ ಹತ್ರ ಬಂದು ಹೇಳಿದ್ಲು. ನನಗೇ ತಿಳೀಲಿಲ್ಲ.’

ತಾಯಿಯ ಕೈಯಲ್ಲಿ ಬೆಂಕಿಕಡ್ಡಿ ಉರಿಯುತ್ತಲೇ ಇತ್ತು. ‘ಏನಂತ ಹೇಳಿದ್ಲು?’

‘ಹುಳ ಮುಟ್ಟಿದೆ ಅಂದ್ಲು. ನಾನು ಅವಳೇ ಹುಳ ಮುಟ್ಟಿದ್ಲು ಅಂದ್ಕೊಂಡೆ. ಕಾಲಿಲ್ಲ ಅಂದ್ಲು, ಉದ್ದ ಅಂದ್ಲು. ಎರೆಹುಳ ಅಂತ ನಾನೇ ಹೇಳ್ಕೊಟ್ಟೆ. ಭೇಷ್ ಅಂದೆ. ಎಲ್ಲ ಮಕ್ಕಳ ಕೈಲೂ ಚಪ್ಪಾಳೆ ತಟ್ಟಿಸ್ದೆ.’

ಅಜ್ಜಿಯ ಅಳು ಕತ್ತರಿಸಿದಂತೆ ನಿಂತಿತು. ಈ ಮಾತಿನ ಅರ್ಥ ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಮತ್ತೆ ನನಗ್ಯಾಕೆ ಹೇಳ್ಲಿಲ್ಲ?’ ಎಂದಳು ಅಜ್ಜಿ. ‘ನಾನು ಎತ್ಕೊಂಡು ಬಂದ್ನಲ್ಲ. ನನಗೆ ಅಂದಿದ್ರೆ ತಿಳೀತಿತ್ತಲ್ಲ.’

‘ಅದೇನೂ ಮಾಡಲ್ಲ ಅಂತ ನಾನು ಹೇಳ್ಬಿಟ್ಟಿದ್ದೆ ಅಜ್ಜಿ. ಮಗು ನನ್ನ ಮಾತು ನಂಬ್ತು.’

‘ನಾನೇ ಕೂಸಿನ ಬಾಯಿ ಕಟ್ಟಿದ್ದೆ,’ ಎಂದಳು ಅಜ್ಜಿ, ಯಾರಿಗೂ ಅಲ್ಲ, ಎದುರಿನ ಗೋಡೆಗೆ. ‘ಹುಳ ಅನ್ನು, ಹುಳ ಅನ್ನು ಅಂತ ತುಟಿಗೆ ಹೊಡ್ದು ಕಲಿಸಿದ್ದೆ.’ ಆಮೇಲೆ ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳುತ್ತ ಕಿರುಚತೊಡಗಿದಳು. ‘ಹಾವು! ಹಾವು ಅನ್ನೇ ನನ್ನ ಕೂಸೇ! ಹಾವು, ಹಾವು, ಹ್ಞಾಂ, ಬರ್ಲಿ ಈಗ, ನನ್ನನ್ನ ಕಚ್ಲಿ!’ ಬೀದಿದೀಪ ಹತ್ತುವ ಹೊತ್ತು. ಹುಟ್ಟಿದ ಮೇಲೆ ಆ ಹೊತ್ತಿನಲ್ಲಿ ಆ ಹೆಸರೆತ್ತದ ಬಾಯಿ ಅದನ್ನೇ ಮತ್ತೆ ಮತ್ತೆ ಕೂಗಿತು. ನಲ್ಲಿಯ ಹತ್ತಿರ ಇದ್ದವರು ಕೊಡ ಬಿಟ್ಟು ಎದ್ದು ನಿಂತರು. ಮುದುಕಿಯನ್ನು ಹಿಡಿದುಕೊಳ್ಳಲು ಹುಳದ ಟೀಚರು ಬಗ್ಗಿದಳು, ಮುದುಕಿ ಅವಳ ಕೈ ಒದರಿದಳು.

ತಾಯಿಗೆ ಅತ್ತೆಯ ಕೂಗು ಕೇಳಿಸಿದಂತೆಯೇ ಇರಲಿಲ್ಲ. ಬೆಂಕಿಕಡ್ಡಿ ಬೆರಳು ಸುಟ್ಟಾಗ ಕೆಳಗೆ ಬಿಟ್ಟಳು. ‘ಹೇಳಿದ್ಲಾ?’ ಎಂದಳು. ‘ಹೇಳಿದ್ಲು’ ಎಂದಳು ಟೀಚರು. ‘ಎರಡು ಸಲ ಹೇಳಿದ್ಲು.’ ತಾಯಿ ಹೊಸ್ತಿಲು ದಾಟಿ ಹೊರಗೆ ಬಂದಳು, ಟೀಚರನ್ನು ಹಾದು, ಅತ್ತೆಯನ್ನು ಹಾದು, ಬರಿಗಾಲಲ್ಲಿ ನಲ್ಲಿಯ ಹತ್ತಿರ ನಿಂತವರ ಬಳಿಗೆ ಹೋದಳು. ಇಷ್ಟು ದಿನ ಒಣಗಿದ್ದ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮುಖದಲ್ಲಿ ಮಾತ್ರ ನೋಡಿದವರಿಗೆ ಭಯವಾಗುವಂಥ ಒಂದು ನಗು ಬಂದಿತ್ತು. ಪಕ್ಕದ ಮನೆಯವಳ ಎರಡೂ ಕೈ ಹಿಡಿದುಕೊಂಡಳು.

‘ಅಕ್ಕಾ, ನನ್ನ ಮಗಳು ಹೇಳಿದ್ಲಂತೆ ಕಣಕ್ಕಾ. ನನಗೆ ಹೆದರಿ ಸುಮ್ನಿರ್ಲಿಲ್ವಂತೆ. ಹೇಳಿದ್ಲಂತೆ, ಎರಡು ಸಲ ಹೇಳಿದ್ಲಂತೆ!’

ಎದುರು ಮನೆಯ ಬಾಗಿಲಿಗೂ ಹೋಗಿ ಅದನ್ನೇ ಹೇಳಿದಳು. ಆ ಮನೆಯ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ‘ಯಾರ ಹತ್ರ ಹೇಳಿದ್ಲಂತೆ?’ ಎಂದು ಕೇಳಿದಳು.

ತಾಯಿಯ ನಗು ಹಾಗೇ ನಿಂತಿತು. ಈಗಷ್ಟೇ ನೆನಪಾದವಳಂತೆ ತಿರುಗಿ ತನ್ನ ಮನೆಯ ಮೆಟ್ಟಿಲ ಕಡೆ ನೋಡಿದಳು. ಅವಳ ಜೊತೆಗೆ ಬೀದಿಯವರೆಲ್ಲ ತಿರುಗಿದರು. ಹುಳದ ಟೀಚರಿಗೆ ಓಡಬೇಕೆನ್ನಿಸಿತು, ಓಡಲಿಲ್ಲ.

‘ಇವರ ಹತ್ರ,’ ಎಂದಳು ತಾಯಿ.